ಧ್ವನಿಮುದ್ರಿತ ಜನಪದ ಹಾಡು: ಸಂಗ್ರಹ ಮತ್ತು ಸಾಂಸ್ಕೃತಿಕ ಪಲ್ಲಟ

ಜನಪದ ಗೀತೆಗಳ ಸಂಗ್ರಹವು ಹಾಡುವವರ ಬದುಕಿನ ಪ್ರತಿಬಿಂಬವೆಂಬ ಮಾತು ಜಾನಪದ ಅಧ್ಯಯನದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ಮಾತು ಅರ್ಧ ಸತ್ಯ. ಸಂಗ್ರಾಹಕನ ಕಾಲ, ಅವನ ಕೈಯಲ್ಲಿದ್ದ ಸಾಧನ, ಅವನಿಗೆ ಮುಖ್ಯವೆನಿಸಿದ ಮೌಲ್ಯಗಳು ಕೂಡ ಸಂಗ್ರಹದಲ್ಲಿ ಅಷ್ಟೇ ಸ್ಪಷ್ಟವಾಗಿ ಮೂಡಿರುತ್ತವೆ.

ಅಮೆರಿಕದ ನಿದರ್ಶನ ಇದಕ್ಕೆ ಪುಷ್ಟಿ ಕೊಡುತ್ತದೆ. 1920ರ ದಶಕದಲ್ಲಿ ಅಲ್ಲಿನ ಗ್ರಾಮಫೋನ್ ಕಂಪನಿಗಳು ಕರಿಯರ ಹಾಡುಗಳನ್ನು ‘ರೇಸ್’, ಹಳ್ಳಿಗಾಡಿನ ಬಿಳಿಯರ ಹಾಡುಗಳನ್ನು ‘ಹಿಲ್‌ಬಿಲ್ಲಿ’ ಎಂಬ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಿದ್ದವು. 1933ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಆಲನ್, ಹೊರಗಿನ ಪ್ರಭಾವ ತಾಗದ ಹಾಡುಗಳನ್ನು ಅರಸಿ ದಕ್ಷಿಣದ ಸೆರೆಮನೆಗಳಿಗೆ ಹೋದರು. 1952ರಲ್ಲಿ ಹ್ಯಾರಿ ಸ್ಮಿತ್ ಹಳೆಯ 84 ಮುದ್ರಿಕೆಗಳನ್ನು ಒಟ್ಟುಗೂಡಿಸಿದಾಗ ಗಾಯಕರ ವರ್ಣವನ್ನು ನಮೂದಿಸಲಿಲ್ಲ. ಹಾಡುಗಳು ಅವೇ, ಅವನ್ನು ವರ್ಗೀಕರಿಸುವ ಸಮಾಜದ ದೃಷ್ಟಿ ಬದಲಾಗತೊಡಗಿತ್ತು.

ಕನ್ನಡ ನಾಡಿನಲ್ಲಿಯೂ ಇಂತಹ ಪಲ್ಲಟವನ್ನು ಗುರುತಿಸಬಹುದು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ನಾಡು ತನ್ನ ಸತ್ವವನ್ನು ಹಳ್ಳಿಯಲ್ಲಿ ಹುಡುಕಿಕೊಳ್ಳುತ್ತಿದ್ದ ಆ ಕಾಲದಲ್ಲಿ ‘ಗರತಿ’ ಎಂಬ ಸಮೂಹನಾಮವೇ ಶೀರ್ಷಿಕೆಯಾಯಿತು. ತ್ರಿಪದಿ ಅಚ್ಚಿಗೆ ಬಂದಿತು. ಬೀಸುಕಲ್ಲಿನ ಲಯ ಹೊರಗುಳಿಯಿತು. 1990ರಲ್ಲಿ ಧ್ವನಿಮುದ್ರಿತವಾದ ತುಳುವಿನ ಸಿರಿ ಮಹಾಕಾವ್ಯ 1998ರಲ್ಲಿ 15,683 ಸಾಲುಗಳಲ್ಲಿ ಹೊರಬಂದಾಗ, ಗಾಯಕ ಗೋಪಾಲ ನಾಯ್ಕರ ಹೆಸರು ಶೀರ್ಷಿಕೆಯಲ್ಲಿಯೇ ಸ್ಥಾನ ಪಡೆಯಿತು. ಅನಾಮಿಕ ಸಮೂಹದಿಂದ ಹೆಸರುಳ್ಳ ಕಲಾವಿದನವರೆಗಿನ ಈ ನಡೆ ಜಾನಪದದ ಪರಿಕಲ್ಪನೆಯೇ ಬದಲಾದುದಕ್ಕೆ ಸಾಕ್ಷಿ.

ಆದರೆ ಧ್ವನಿಮುದ್ರಣವೂ ಪೂರ್ಣ ದಾಖಲೆಯಲ್ಲ. ಸೊರಬ ತಾಲ್ಲೂಕಿನ ಉಳವಿ ಪರಿಸರವೂ ಸೇರಿದಂತೆ ಮಲೆನಾಡಿನಲ್ಲಿ ಪ್ರಚಲಿತವಿರುವ ಅಂಟಿಗೆ-ಪಂಟಿಗೆಯನ್ನು ಇಲ್ಲಿ ಪರಿಶೀಲಿಸಬಹುದು. ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ತಂಡ ಜ್ಯೋತಿ ಹಿಡಿದು ಮನೆಮನೆಗೆ ಸಾಗುತ್ತದೆ. ಒಂದು ಮೇಳ ಹಾಡಿದ ಸೊಲ್ಲನ್ನು ಇನ್ನೊಂದು ಮೇಳ ಎತ್ತಿಕೊಳ್ಳುತ್ತದೆ. ಬಾಗಿಲು ತೆರೆಸುವುದಕ್ಕೆ ಒಂದು ಪದ, ದೀಪಕ್ಕೆ ಎಣ್ಣೆ ಎರೆಸುವುದಕ್ಕೆ ಇನ್ನೊಂದು, ಮನೆಯವರನ್ನು ಹರಸುವುದಕ್ಕೆ ಮತ್ತೊಂದು. ಮನೆಯವರು ಎಣ್ಣೆ ಎರೆಯದೆ ಇದ್ದರೆ ಎಣ್ಣೆಯ ಪದಕ್ಕೆ ಅರ್ಥವಿಲ್ಲ. ಅಂದರೆ ಕೇಳುಗರೂ ಇಲ್ಲಿ ಪಾಲುದಾರರು.

ಇದೇ ಹಾಡು ಕ್ಯಾಸೆಟ್ಟಿಗೋ ವೇದಿಕೆಗೋ ಬಂದಾಗ ಕೆಲವು ನಿಮಿಷಗಳ ‘ಗೀತೆ’ಯಾಗುತ್ತದೆ. ನಡಿಗೆ, ಹೊಸ್ತಿಲು, ಎಣ್ಣೆ, ಎರಡನೆಯ ಮೇಳದ ಮರುದನಿಗಾಗಿ ಕಾಯುವ ಮೌನ ಇವೆಲ್ಲ ಕಾಲಮಿತಿಗೆ ಬಲಿಯಾಗುತ್ತವೆ. 1980ರ ದಶಕದಿಂದ ಬೆಳೆದ ಕ್ಯಾಸೆಟ್ ಉದ್ಯಮವು ಜನಪದ ಗೀತೆಗೆ ವಿಶಾಲ ಶ್ರೋತೃವರ್ಗವನ್ನು ಒದಗಿಸಿದ್ದು ನಿಜ. ಜೊತೆಗೆ, ವಾದ್ಯಮೇಳದೊಂದಿಗೆ ಹಾಡಿದ್ದೇ ಜಾನಪದವೆಂಬ ಕಲ್ಪನೆಯನ್ನೂ ಅದು ಹರಡಿತು. ಹಿರಿಯರ ಹಿಂದೆ ನಡೆದು ಕಲಿಯಬೇಕಾದ ಕಿರಿಯರು ಮುದ್ರಿಕೆಯಿಂದ ಕಲಿತರೆ, ಮೊಟಕಾದ ಪಾಠವೇ ಮೂಲಪಾಠವಾಗುವ ಅಪಾಯವಿದೆ.

ಆದ್ದರಿಂದ ಸಂಗ್ರಹವನ್ನು ಪರಂಪರೆಯ ಅಂತಿಮ ರೂಪವೆಂದು ಭಾವಿಸದೆ, ಬದಲಾವಣೆಯ ಒಂದು ಘಟ್ಟದ ದಾಖಲೆಯೆಂದು ಓದಬೇಕಾಗಿದೆ. ಯಾರು, ಯಾರ ಮುಂದೆ, ಯಾವ ಹೊತ್ತಿನಲ್ಲಿ, ಯಾರ ಕೋರಿಕೆಯ ಮೇರೆಗೆ ಹಾಡಿದರೆಂಬ ವಿವರ ಪ್ರತಿ ಮುದ್ರಿಕೆಯೊಡನೆ ಇರಬೇಕು. ಮುದ್ರಿಕೆಯ ಪ್ರತಿ ಹಾಡಿದ ಊರಿಗೂ ಮರಳಬೇಕು. ಬಿಟ್ಟುಹೋದುದು ಏನೆಂದು ಹೇಳಬಲ್ಲವರು ಇರುವುದು ಅಲ್ಲಿಯೇ.