ಕಟ್ಟಿಸಿದವರು, ಕಟ್ಟಿದವರು

ಹಿಂದಿನವರು ಕೆರೆ-ಕಾಡುಗಳ ಜೊತೆ ಹೊಂದಿಕೊಂಡು ಬಾಳಿದರು, ಶಾಸನಗಳೇ ಅದಕ್ಕೆ ಸಾಕ್ಷಿ ಅಂತ ಪಂಡಿತರು ಬರೆಯುತ್ತಲೇ ಇದ್ದಾರೆ. ಇರಬಹುದು. ಆದರೆ ಈ 'ಹಿಂದಿನವರು' ಅಂದರೆ ಯಾರು? ಗೌಡನೋ, ಅವನ ಜೀತದಾಳೋ? ಏರಿಯ ಮೇಲೆ ನಿಂತು ಕೆರೆ ನೋಡಿದವನಿಗೂ, ಆ ಏರಿಗೆ ಮಣ್ಣು ಹೊತ್ತವಳಿಗೂ ಕೆರೆ ಒಂದೇ ಥರ ಕಾಣ್ತಿತ್ತೇನು? ಇದನ್ನು ಕೇಳದೆ ಹಳೆಯ ಬರಹ ಓದಿದರೆ ನಮಗೆ ಸಿಗೋದು ನೆಲ-ಜಲದ ಚರಿತ್ರೆಯಲ್ಲ, ಒಡೆಯರ ವಂಶಾವಳಿ.

ಕನ್ನಡ ಶಾಸನಗಳ ಕ್ರಿಯಾಪದವನ್ನೇ ನೋಡಿ. ಅರಸ ಕೆರೆ ಕಟ್ಟಿಸಿದ, ದಂಡನಾಯಕ ಗುಡಿ ಮಾಡಿಸಿದ. ಇದು ಪ್ರೇರಣಾರ್ಥಕ ಅಂತ ವ್ಯಾಕರಣದ ಮೇಷ್ಟ್ರು ಹೇಳಿಕೊಡುತ್ತಾರೆ. ಬೇರೆಯವರ ಕೈಯಲ್ಲಿ ಮಾಡಿಸೋದು. ಹಾಗಾದರೆ ಆ ಬೇರೆಯವರು ಯಾರು? ಒಂದು 'ಇಸು' ಪ್ರತ್ಯಯದ ಅಡಿಯಲ್ಲಿ ಎಷ್ಟು ತಲೆಮಾರುಗಳ ಬೆವರು ಹೂತುಹೋಗಿದೆ!

ಕಡಪ ಸೀಮೆಯ ಪೋರುಮಾಮಿಳ್ಳ ಕೆರೆಯ ಸಂಸ್ಕೃತ ಶಾಸನ 1369ರದು. ಕಟ್ಟಿಸಿದವನು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ ಬೇಕು, ಆರು ದೋಷ ಇರಬಾರದು ಅಂತ ಈ ಕಲ್ಲು ಹೇಳುತ್ತದೆ. ಏರಿ ಜಿನುಗಬಾರದು, ನೆಲ ಚೌಳಾಗಿರಬಾರದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು. ಈ ತಿಳಿವಳಿಕೆ ದೊಡ್ಡದು, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಗಗಳ ಸಾಲನ್ನು ಗಮನಿಸಿ: ಮೊದಲು ಕೀರ್ತಿ ಬಯಸುವ ರಾಜ, ಆಮೇಲೆ ಜಲಶಾಸ್ತ್ರ ಬಲ್ಲ ಬ್ರಾಹ್ಮಣ, ಆಮೇಲೆ ನೆಲ, ನದಿ, ಬೆಟ್ಟ, ಕಲ್ಲು. ಕಟ್ಟುವ ಕಸುಬು ಗೊತ್ತಿದ್ದ ಜನ ಕಟ್ಟಕಡೆಗೆ. ಜಿನುಗುವ ಏರಿಯನ್ನು ಮೊದಲು ಕಂಡದ್ದು ಯಾರ ಕಾಲು? ಚೌಳು ನೆಲದ ಗುರುತು ಹಿಡಿದದ್ದು ಯಾರ ಗುದ್ದಲಿ? ಶಾಸನದಲ್ಲಿ ಅವರು ಬರೀ ಲೆಕ್ಕ: ಎರಡು ವರ್ಷ, ದಿನಾ ಸಾವಿರ ಆಳು, ನೂರು ಗಾಡಿ. ಆಳಿಗೂ ಗಾಡಿಗೂ ಒಂದೇ ಮರ್ಯಾದೆ.

ಇನ್ನು ಬಿಳಿಯರ ಬರಹ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯವರು ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು, ಕೆನರಾ, ಮಲಬಾರು ಸುತ್ತಿಸಿದರು. 1800-01ರಲ್ಲಿ ಅವನು ಕಂಡ ಮಣ್ಣು, ಬೆಳೆ, ಕೆರೆ, ಕಾಡು ಎಲ್ಲ 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಗೆದ್ದ ಸೀಮೆಯಿಂದ ಏನು ಹುಟ್ಟುತ್ತೆ ಅನ್ನೋದೇ ಯಜಮಾನರ ಚಿಂತೆ. ಆದರೂ ಆ ಲೆಕ್ಕದ ನಡುವೆ ಒಂದು ಸತ್ಯ ಉಳಿದುಬಿಟ್ಟಿದೆ. ಮಲಬಾರಿನಲ್ಲಿ ಗದ್ದೆ ಗೇಯುವ ಗುಲಾಮರನ್ನು ಮಾರಬಹುದಿತ್ತು, ಒತ್ತೆ ಇಡಬಹುದಿತ್ತು, ಗೇಣಿಗೆ ಕೊಡಬಹುದಿತ್ತು, ಥೇಟು ಭೂಮಿಯ ಹಾಗೆ. ಅವರಿಗೂ ಮಣ್ಣಿಗೂ ಏನು ಸಂಬಂಧ ಅಂತ ಕೇಳಿದರೆ ಇದೇ ಉತ್ತರ: ಇಬ್ಬರೂ ಒಬ್ಬ ಒಡೆಯನ ಸ್ವತ್ತು. ಇದನ್ನು 'ಪ್ರಕೃತಿಯ ಜೊತೆ ಒಂದಾದ ಬದುಕು' ಅಂತ ಹಾಡಿ ಹೊಗಳೋಣವೇ?

ಬರಹಕ್ಕೆ ಹತ್ತದ ವಿದ್ಯೆಯೂ ಇದೆ. ಕೋಲಾರ ಸೀಮೆಯ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿ ನಮ್ಮ ಕೇರಿಯವನೇ. ಯಾವ ಗದ್ದೆಗೆ ಎಷ್ಟು ನೀರು, ಮಳೆ ಕೈಕೊಟ್ಟ ವರ್ಷ ಯಾವ ತೂಬು ಮುಚ್ಚಬೇಕು, ಎಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಅವನಿಗೆ ಆಯ ಅಂತ ಒಂದಿಷ್ಟು ಕಾಳು. ಅವನು ಬಿಟ್ಟ ನೀರಲ್ಲಿ ಬೆಳೆದ ಅಕ್ಕಿ ದೇವರಿಗೆ ನೈವೇದ್ಯ. ಅವನು ಮುಟ್ಟಿದ ಕೊಡ ಮಾತ್ರ ಮೈಲಿಗೆ.

ನೀರಿನ ಈ ಜಾತಿಯನ್ನು ಬಯಲಿಗೆಳೆದದ್ದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ದನಗಳು ಕುಡಿಯುತ್ತಿದ್ದ ನೀರು ಮನುಷ್ಯರು ಮುಟ್ಟಿದ್ದಕ್ಕೆ ಕೆಟ್ಟಿತಂತೆ! ಸನಾತನಿಗಳು ಅದಕ್ಕೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು. ಕೆರೆ ಎಲ್ಲರದು ಅಂತ ಬೊಂಬಾಯಿ ಹೈಕೋರ್ಟಿನಲ್ಲಿ ಗೆಲ್ಲಬೇಕಾದರೆ 1937 ಬರಬೇಕಾಯಿತು. ಒಂದೇ ಕೆರೆ ಒಬ್ಬನಿಗೆ ಪರಿಸರ, ಇನ್ನೊಬ್ಬನಿಗೆ ಬೇಲಿ.

ಹಳೆಯ ಕಲ್ಲು, ಕಾಗದ ಬೇಡ ಅನ್ನುವವರಲ್ಲ ನಾವು. ನಮ್ಮ ಮನೆಗಳಲ್ಲಿ ಮೊದಲ ಸಲ ಅಕ್ಷರ ಕೈಗೆ ಬಂದಿದೆ. ಅದನ್ನು ಓದುವ ಹಕ್ಕು ಬಿಟ್ಟುಕೊಡೋದಿಲ್ಲ. ಹಳ್ಳಿಯ ಮೇಷ್ಟ್ರುಗಳು ಮಕ್ಕಳನ್ನು ಊರ ಶಾಸನದ ಹತ್ತಿರ ಕರೆದುಕೊಂಡು ಹೋಗಲಿ. 'ಕಟ್ಟಿಸಿದ' ಅಂತ ಕಂಡಲ್ಲೆಲ್ಲ ಕಟ್ಟಿದವರಾರು, ಕಟ್ಟಿದ ಮೇಲೆ ಅವರಿಗೆ ನೀರು ಸಿಕ್ಕಿತೇ ಅಂತ ಕೇಳಿಸಲಿ. ಅಲ್ಲಿಂದ ನೇರ ಕೇರಿಗೆ ಬಂದು, ತೂಬು ಎತ್ತಿದ ಮುದುಕರು ಇನ್ನೂ ಇದ್ದರೆ ಅವರ ಮಾತು ಬರೆಸಲಿ. ಇವತ್ತು ಅದೇ ಕೆರೆಗಳ ಹೂಳೆತ್ತುವಾಗ 'ನಮ್ಮ ಪರಂಪರೆ' ಅನ್ನೋ ಮಾತು ಜೋರಾಗಿ ಕೇಳುತ್ತದೆ. ಆ ಹೂಳು ಯಾರ ಹೊಲಕ್ಕೆ, ಮೀನು ಯಾರ ಬಲೆಗೆ ಅಂತ ತೀರ್ಮಾನವಾಗುವಾಗ ಈ ಬರಹ ನಮ್ಮ ಕೈಯಲ್ಲಿರಬೇಕು.