ಬಾಟಲಿಯಲ್ಲಿದ್ದ ಹಾರುವ ಓತಿ

ನಮ್ಮ ಆಫೀಸಿನಲ್ಲಿ ಕನ್ನಡ ಓದುವವರು ಆರು ಜನ ಇದ್ದೀವಿ. ಅದರಲ್ಲಿ ನಾಲ್ಕು ಜನರ ಅಚ್ಚುಮೆಚ್ಚಿನ ಪುಸ್ತಕ ‘ಕರ್ವಾಲೊ’. ವರ್ಷಕ್ಕೊಮ್ಮೆಯಾದರೂ ಊಟದ ಟೇಬಲ್ಲಿನಲ್ಲಿ ಅದರ ಮಾತು ಬಂದೇ ಬರುತ್ತೆ. ಮಂದಣ್ಣ, ಕಿವಿ, ಪ್ಯಾರ, ಬಿರ್ಯಾನಿ ಕರಿಯಪ್ಪ ಅಂತ ಎಲ್ಲರೂ ನಮ್ಮೂರಿನವರೇನೋ ಅನ್ನೋ ಹಾಗೆ ಮಾತಾಡ್ತೀವಿ. ಕೊನೆಗೆ ಯಾರಾದರೂ ನನ್ನ ಕಡೆ ತಿರುಗಿ, “ನೀನು ಓದಿದ್ದು ಇದನ್ನೇ ಅಲ್ವೇನೇ?” ಅಂತಾರೆ. ಆರು ಜನರಲ್ಲಿ ಬಯಾಲಜಿ ಡಿಗ್ರಿ ಮಾಡಿದವಳು ನಾನೊಬ್ಬಳೇ.

ಹೌದು, ಓದಿದ್ದು ಇದನ್ನೇ. ಎಷ್ಟರ ಮಟ್ಟಿಗೆ ಅಂದ್ರೆ, ಕಾದಂಬರಿಯಲ್ಲಿ ಅಷ್ಟೂ ಜನ ಕಾಡು ಹೊಕ್ಕು ಹುಡುಕುವ ಆ ಹಾರುವ ಓತಿ ನಮ್ಮ ಝೂವಾಲಜಿ ಲ್ಯಾಬಿನ ಮೂರನೇ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿಯೊಳಗಿತ್ತು. ಡ್ರೇಕೊ ಅಂತ ಲೇಬಲ್ಲು. ಫಾರ್ಮಲಿನ್‌ನಲ್ಲಿ ಕೂತು ಕೂತು ಬಣ್ಣವೆಲ್ಲ ಹೋಗಿ ಬೆಂದ ಶುಂಠಿಯ ಹಾಗೆ ಕಾಣುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದು ಒಂದು ‘ಸ್ಪಾಟರ್’. ಗಂಟೆ ಹೊಡೆದರೆ ಬಾಟಲಿಯ ಮುಂದೆ ನಿಲ್ಲಬೇಕು, ಗುರುತು ಹಿಡಿದು ಐದು ಪಾಯಿಂಟ್ ಬರೆಯಬೇಕು, ಮತ್ತೆ ಗಂಟೆ ಹೊಡೆದರೆ ಮುಂದಿನ ಬಾಟಲಿ. ವರ್ಗ ರೆಪ್ಟೀಲಿಯ, ಉದ್ದವಾದ ಪಕ್ಕೆಲುಬುಗಳ ಆಸರೆಯಲ್ಲಿ ಹರಡಿದ ಚರ್ಮದ ಪೊರೆ, ಗ್ಲೈಡಿಂಗ್‌ಗೆ ಹೊಂದಾಣಿಕೆ, ಇತ್ಯಾದಿ. ಎರಡು ಮಾರ್ಕ್ಸು. ನನಗೆ ಎರಡಕ್ಕೆ ಎರಡೂ ಬಂತು. ಅದು ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಲ್ಲಿ ಇವತ್ತೂ ಓಡಾಡಿಕೊಂಡಿದೆ ಅಂತ ಮೂರು ವರ್ಷದಲ್ಲಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ನಾನು ಸಿಬಿಝೆಡ್ ಸೇರಿದ್ದು 2006ರಲ್ಲಿ, ಬೆಂಗಳೂರಿನ ಒಂದು ಕಾಲೇಜಿನಲ್ಲಿ. ಕ್ಲಾಸಿನ ಮುಕ್ಕಾಲು ಪಾಲು ಸಿಇಟಿಯಲ್ಲಿ ಮೆಡಿಕಲ್ ಸೀಟು ತಪ್ಪಿದವರು. ಮೊದಲ ವರ್ಷ ನಾವು ಗಿಡಮರ, ಪ್ರಾಣಿ ಓದಲಿಲ್ಲ, ಸೋಲಿನ ದುಃಖವನ್ನು ಓದಿದೆವು. ಎರಡನೇ ವರ್ಷಕ್ಕೆ ನನಗೆ ಇಷ್ಟವಾಗೋಕೆ ಶುರುವಾಯ್ತು, ಅಲ್ಲೇ ಎಡವಟ್ಟಾಗಿದ್ದು. ಈರುಳ್ಳಿ ಬೇರಿನ ತುದಿಯನ್ನು ಅಸಿಟೋಕಾರ್ಮಿನ್‌ನಲ್ಲಿ ಅದ್ದಿ, ಜಜ್ಜಿ, ಮೈಕ್ರೋಸ್ಕೋಪಿನಲ್ಲಿ ಕೋಶ ವಿಭಜನೆ ನೋಡುವ ಪ್ರಾಕ್ಟಿಕಲ್ ಇರುತ್ತಲ್ಲ, ಅದು. ಪುಸ್ತಕದಲ್ಲಿ ವಿಭಜನೆಯ ಎಲ್ಲ ಹಂತಗಳೂ ಸಾಲಾಗಿ ಚಂದವಾಗಿ ನಿಂತಿರುತ್ತವೆ. ಸ್ಲೈಡಿನಲ್ಲಿ ಹಾಗಿರಲ್ಲ. ಹೆಚ್ಚಿನ ಕೋಶಗಳು ಸುಮ್ಮನೆ ಕೂತಿರುತ್ತವೆ, ಎಲ್ಲೋ ಒಂದೆರಡು ಒಡೆಯುತ್ತಿರುತ್ತವೆ. ನಾನು ಕಂಡಷ್ಟನ್ನೇ ಬರೆದೆ. ಲೆಕ್ಚರರ್ ಇಡೀ ಪುಟಕ್ಕೆ ಕೆಂಪು ಇಂಕಿನಲ್ಲಿ ಗೀಟು ಎಳೆದು, ಸೀನಿಯರ್ ಒಬ್ಬಳ ರೆಕಾರ್ಡ್ ಬುಕ್ ಕೊಟ್ಟು, ಇದನ್ನು ನೋಡಿ ಬರಿ ಅಂದರು. “ನಿನಗೆ ಅಬ್ಸರ್ವೇಷನ್ ಇಲ್ಲ ಕಣಮ್ಮ” ಅಂತಲೂ ಸೇರಿಸಿದರು. ಚೂಪಾದ ಪೆನ್ಸಿಲ್, ಶೇಡಿಂಗ್ ಕೂಡದು, ಬಲಗಡೆ ಲೇಬಲ್ಲು. ಆ ಸೀನಿಯರ್ ಕೂಡ ಇನ್ನೊಬ್ಬ ಸೀನಿಯರ್‌ನಿಂದ ನಕಲು ಮಾಡಿರಬೇಕು.

ಅದೇ ದಿನಗಳಲ್ಲಿ ಹಾಸ್ಟೆಲ್ಲಿನ ಗೆಳತಿಯೊಬ್ಬಳು ‘ಕರ್ವಾಲೊ’ ಕೊಟ್ಟಳು. ಒಂದೇ ರಾತ್ರಿ ಮುಗಿಸಿದೆ. 1980ರಲ್ಲಿ ಬಂದ ಪುಸ್ತಕ, ಆದರೆ ನನ್ನ ಲ್ಯಾಬಿನ ಕಿಟಕಿ ತೆಗೆದ ಹಾಗಿತ್ತು. ದೊಡ್ಡ ವಿಜ್ಞಾನಿಯೊಬ್ಬ ಮೂಡಿಗೆರೆಯ ಹಳ್ಳಿ ಹುಡುಗನ ಮಾತನ್ನು ಕಿವಿಗೊಟ್ಟು ಕೇಳುವುದು, ಕಳ್ಳಭಟ್ಟಿ ಕೇಸು, ಮದುವೆಯ ತಾಪತ್ರಯಗಳ ಮಧ್ಯೆಯೇ ಜೀವವಿಕಾಸದ ಮಾತು ಬರುವುದು, ಕೊನೆಗೆ ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿ ಹೋಗುವುದು. ಇವತ್ತು ಓದಿದರೂ ಆ ಕೊನೆಯ ಪುಟಗಳಲ್ಲಿ ಮೈ ಜುಮ್ಮೆನ್ನುತ್ತೆ. ಕಾದಂಬರಿಯಾಗಿ ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಬಯಾಲಜಿ ಕಲಿಯುವುದು ಹೇಗೆ ಅನ್ನುವ ಪ್ರಶ್ನೆಗೆ ಅದನ್ನೇ ಉತ್ತರ ಅಂತ ಕೈಗಿಡುವ ನಮ್ಮಂಥವರ ಬಗ್ಗೆ. ಮಂದಣ್ಣನಿಗೆ ನೋಡೋದು ಬರುತ್ತೆ, ಸರಿ. ಹೇಗೆ ಬಂತು? ಕಾದಂಬರಿ ಹೇಳಲ್ಲ. ಜೇನು ಸೊಸೈಟಿಯ ಹತ್ತಿರ ನಮಗೆ ಸಿಗುವಾಗಲೇ ಅವನ ಕಣ್ಣು ತಯಾರಾಗಿದೆ. ಕರ್ವಾಲೊ ಅವನಲ್ಲಿ ಹುಟ್ಟಾ ನ್ಯಾಚುರಲಿಸ್ಟನನ್ನು ಕಾಣ್ತಾರೆ, ನಾವೂ ತಲೆಯಾಡಿಸ್ತೀವಿ. ಅವನು ತಪ್ಪು ಗುರುತಿಸಿ, ಬೈಸಿಕೊಂಡು, ಮತ್ತೆ ಹೋಗಿ ನೋಡಿ ಕಲಿತ ದಿನಗಳು ಪುಸ್ತಕದಲ್ಲಿಲ್ಲ. ಕರ್ವಾಲೊ ಅವರದ್ದೂ ಇಲ್ಲ. ಒಬ್ಬನದು ಹುಟ್ಟುಗುಣ, ಇನ್ನೊಬ್ಬರದು ಪಾಂಡಿತ್ಯ, ಎರಡೂ ರೆಡಿಮೇಡ್. ಓದುತ್ತಿದ್ದ ನನಗೆ, ಹತ್ತೊಂಬತ್ತು ವರ್ಷದ ಹುಡುಗಿಗೆ, ಅರ್ಥವಾಗಿದ್ದು ಇಷ್ಟು: ಕಣ್ಣು ಇದ್ದವರಿಗೆ ಇರುತ್ತೆ, ನಿನಗಿಲ್ಲ. ಲೆಕ್ಚರರ್ ಕೆಂಪು ಇಂಕಿನಲ್ಲಿ ಹೇಳಿದ್ದನ್ನೇ ನನ್ನ ಮೆಚ್ಚಿನ ಪುಸ್ತಕ ಪ್ರೀತಿಯಿಂದ ಹೇಳಿತ್ತು. ಡಿಗ್ರಿ ಮುಗಿಸಿ ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ಓದಿ ಕೋಡ್ ಹಾಕುವ ಕೆಲಸಕ್ಕೆ ಸೇರಿದೆ. ಒಳ್ಳೆಯ ಸಂಬಳ, ಎಸಿ, ಕ್ಯಾಬು. ಬೇಜಾರಿಲ್ಲ ಅಂತ ಹೇಳಿಕೊಳ್ತೀನಿ.

ಒಂದು ಮಾತು ಸೇರಿಸಬೇಕು. ತೇಜಸ್ವಿಯವರ ಸ್ವಂತ ಬದುಕು ಈ ಹುಟ್ಟುಗುಣದ ಕತೆಯನ್ನು ನಂಬುವ ಹಾಗಿಲ್ಲ. ಅವರು ಓದಿದ್ದು ಕನ್ನಡ ಎಂ.ಎ. ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾದು, ರೀಲು ಹಾಳು ಮಾಡಿಕೊಂಡು ಕಲಿತವರು. ಆ ಕಾಯುವಿಕೆ ಕಾದಂಬರಿಗೆ ಬಂದಿದ್ದರೆ ಮಂದಣ್ಣ ಇನ್ನೂ ದೊಡ್ಡವನಾಗುತ್ತಿದ್ದ ಅಂತ ನನಗನ್ನಿಸುತ್ತೆ.

ಕಲಿಯುವುದನ್ನು ತೋರಿಸುವ ಪುಸ್ತಕ ಕನ್ನಡದಲ್ಲಿ ಇತ್ತು, ನನ್ನ ಕೈಗೆ ಬಂದಿದ್ದು ತಡವಾಗಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಗಾಂಧಿ ಬಜಾರಿನಲ್ಲಿ ಮಳೆಗೆ ನಿಂತಾಗ ಕೊಂಡಿದ್ದು. ಸ್ವಾಮಿ ಡಿವಿಜಿಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು, ಆಮೇಲೆ ಪ್ರಿನ್ಸಿಪಾಲರು. ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ವಿಷಯ ಏನು ಅಂದ್ರೆ, ಮೇಷ್ಟ್ರು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಕ್ಕೆ ಟೂರ್ ಹೋಗ್ತಾರೆ. ಅಷ್ಟೇ. ಮಳೆ, ಜಿಗಣೆ, ತಿಂಡಿಯ ಜಗಳ, ಕಾಲೆಳೆಯುವುದು, ಮಧ್ಯೆ ಒಂದೊಂದೇ ಗಿಡ. ಗಿಡವನ್ನು ಅವರು ಸ್ಪಾಟರ್ ಮಾಡಲ್ಲ. ಹಿಡಿಸ್ತಾರೆ, ಮೂಸಿಸ್ತಾರೆ, ಹೆಸರಿನ ಮೂಲ ಕೆದಕ್ತಾರೆ, ತಪ್ಪು ಹೇಳಿದವನನ್ನು ಗೇಲಿ ಮಾಡಿ ಮತ್ತೆ ನೋಡು ಅಂತಾರೆ. ಜೊತೆಗೆ ಸ್ವಾಮಿಯವರೇ ಬರೆದ ರೇಖಾಚಿತ್ರಗಳು. ನಮ್ಮ ರೆಕಾರ್ಡ್ ಬುಕ್ಕಿನ ಚಿತ್ರಗಳಿಗೂ ಇವಕ್ಕೂ ಇರುವ ವ್ಯತ್ಯಾಸ ಹೇಳಬೇಕಂದ್ರೆ, ಇವು ಗಿಡದ ಮುಂದೆ ಕೂತವನ ಚಿತ್ರಗಳು.

ಆ ಮನುಷ್ಯನ ಕಣ್ಣಿನ ಬಗ್ಗೆ ಒಂದು ಕತೆ ಇದೆ. ಸಾರ್ಕ್ಯಾಂಡ್ರ ಅನ್ನುವ ಸಣ್ಣ ಗಿಡ. ಅದಕ್ಕೆ ಹೆಸರಿಟ್ಟು ನೂರು ವರ್ಷಕ್ಕೂ ಹೆಚ್ಚಾಗಿತ್ತು. ಹೂ ಬಿಡುವ ಸಸ್ಯಗಳ ಕಾಂಡದಲ್ಲಿ ಸಾಮಾನ್ಯವಾಗಿ ನೀರು ಸಾಗಿಸೋಕೆ ವೆಸೆಲ್ ಅನ್ನುವ, ತುದಿ ತೆರೆದ ಕೊಳವೆಗಳಿರುತ್ತವೆ. ಸ್ವಾಮಿ ಹಾರ್ವರ್ಡ್‌ನ ಐ.ಡಬ್ಲ್ಯೂ. ಬೈಲಿ ಜೊತೆ ಇದರ ಮರವನ್ನು ತೆಳ್ಳಗೆ ಕೊಯ್ದು ನೋಡಿ, ಇದರಲ್ಲಿ ವೆಸೆಲ್ಲೇ ಇಲ್ಲ ಅಂತ 1950ರಲ್ಲಿ ಪ್ರಕಟಿಸಿದರು. ದೊಡ್ಡ ಸುದ್ದಿಯೇ. ಆದರೆ ಅಲ್ಲಿಗೇ ಮುಗಿಯಲಿಲ್ಲ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅದೇ ಗಿಡದ ಬೇರನ್ನು ನೋಡಿ, ಇಲ್ಲಿ ವೆಸೆಲ್ ಇದೆಯಲ್ಲ ಅಂದರು. ಸ್ವಾಮಿ ಆಗಲೇ ತೀರಿಕೊಂಡು ಏಳು ವರ್ಷ. ಇದ್ದಿದ್ದರೆ ಏನಾದರೊಂದು ಜೋಕು ಹಾರಿಸಿ ತಾವೂ ಒಂದು ಬೇರು ಕೊಯ್ಯೋಕೆ ಕೂರ್ತಿದ್ರೇನೋ. ನನಗೆ ಮೂರು ವರ್ಷದಲ್ಲಿ ಒಬ್ಬರಾದರೂ ಈ ಕತೆ ಹೇಳಿದ್ದರೆ, ಅಂತ ಅನ್ನಿಸಿದ್ದುಂಟು. ಅಷ್ಟು ದೊಡ್ಡವರ ಪುಟಕ್ಕೂ ತಿದ್ದುಪಡಿ ಬರುತ್ತೆ, ಆದರೆ ಮತ್ತೆ ಗಿಡ ನೋಡಿದವರಿಂದ ಬರುತ್ತೆ, ಸೀನಿಯರ್ ರೆಕಾರ್ಡ್ ನೋಡಿದವರಿಂದಲ್ಲ.

‘ಹಸುರು ಹೊನ್ನು’ ಸುಲಭದ ಪುಸ್ತಕ ಅಂತ ಹೇಳಲ್ಲ. ಶ್ಲೇಷೆಗಳು ಒಂದು ಹಂತದ ನಂತರ ತಲೆ ತಿನ್ನುತ್ತವೆ. ವಿದ್ಯಾರ್ಥಿಗಳು ಎಷ್ಟೋ ಕಡೆ ಮೇಷ್ಟ್ರ ಪಂಚ್‌ಲೈನಿಗೆ ದಾರಿ ಮಾಡಿಕೊಡೋಕೇ ಬಾಯಿ ಬಿಡ್ತಾರೆ. ಗೆಲ್ಲೋದು ಹೆಚ್ಚಾಗಿ ಮೇಷ್ಟ್ರೇ. ಕತೆಯ ಓಟ ಬೇಕು ಅನ್ನೋರಿಗೆ ತೇಜಸ್ವಿ ಹತ್ತು ಪಟ್ಟು ಮೇಲು. ಆದರೂ ಆ ಹುಡುಗರು ಹುಟ್ಟಾ ನ್ಯಾಚುರಲಿಸ್ಟರಲ್ಲ. ಹಸಿವಾಗ್ತಿದೆ ಅಂತ ಗೊಣಗುವ ಮಾಮೂಲಿ ಹುಡುಗರು. ಹತ್ತನೇ ಗಿಡದ ಹೊತ್ತಿಗೆ ಅವರ ಕಣ್ಣು ಚೂರು ತೆರೆದಿರುತ್ತೆ, ಓದುವವರದ್ದೂ.

ಕಳೆದ ಡಿಸೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಶೃಂಗೇರಿ ಕಡೆ ಹೋಗಿದ್ದೆ. ಅಡಿಕೆ ತೋಟದಲ್ಲಿ ಹಾರುವ ಓತಿ ಇದೆಯಾ ಅಂತ ಅವರ ತಂದೆಯನ್ನು ಕೇಳಿದೆ. “ಅದಾ? ದಿನಾ ಇರ್ತದಲ್ಲ ಮಾರಾಯ್ರೇ” ಅಂದು ಅವರು ಗೊನೆ ಕಡೆ ಹೋದರು. ಅರ್ಧ ಗಂಟೆ ನನಗೆ ಏನೂ ಕಾಣಲಿಲ್ಲ. ಮರದ ತೊಗಟೆ, ಇರುವೆ ಸಾಲು, ಅಷ್ಟೇ. ಆಮೇಲೆ ತೊಗಟೆಯ ಒಂದು ಚೂರು ಗಂಟಲಿನಿಂದ ನಿಂಬೆಹಳದಿ ಬಣ್ಣದ ಬಾವುಟ ತೆಗೆದು ಮಡಿಸಿತು. ಗಂಡು. ನನ್ನ ಐದು ಪಾಯಿಂಟಿನಲ್ಲಿ ಆ ಹಳದಿ ಇರಲಿಲ್ಲ. ಇರುವೆ ತಿನ್ನುತ್ತಾ ಮೇಲೇರಿ, ಪೊರೆ ಬಿಚ್ಚಿ ಮುಂದಿನ ಮರಕ್ಕೆ ಜಾರಿತು. ಎರಡನೆಯದನ್ನು ಸಹೋದ್ಯೋಗಿ ತೋರಿಸಿದರು. ಮೂರನೆಯದನ್ನು ನಾನೇ ಕಂಡುಹಿಡಿದೆ, ಅದು ಅಲ್ಲಾಡುವ ಮುಂಚೆ.

ಅಕ್ಕನ ಮಗಳು ಈಗ ಬಿಎಸ್‌ಸಿ ಮೊದಲ ವರ್ಷ. ನೀಟ್ ಆಗಲಿಲ್ಲ, ಅದಕ್ಕೆ. ಕಪ್ಪೆ ಕೊಯ್ಯುವುದೆಲ್ಲ ಈಗಿಲ್ಲ, ಯುಜಿಸಿ 2014ರಲ್ಲೇ ಪ್ರಾಣಿಗಳ ಡಿಸೆಕ್ಷನ್ ನಿಲ್ಲಿಸಿ ಅಂತ ಹೇಳಿದೆ. ಕಪ್ಪೆಗಳ ಮಟ್ಟಿಗೆ ನನಗೆ ಸಂತೋಷವೇ. ಆದರೆ ಅದರ ಜಾಗದಲ್ಲಿ ಇವಳ ಕಾಲೇಜಿನಲ್ಲಿ ಬಂದಿರೋದು ಗೋಡೆಗೆ ನೇತುಹಾಕಿದ ಚಾರ್ಟು. ಹೊರಗಿನ ಕೆರೆಗೆ ಒಂದು ದಿನ ಕರೆದೊಯ್ಯೋಕೆ ಎಷ್ಟು ಖರ್ಚಾಗುತ್ತೆ? ರೆಕಾರ್ಡ್ ಬುಕ್ಕಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದಳು. ಅದೇ ಈರುಳ್ಳಿ ಬೇರು, ಎಲ್ಲ ಹಂತಗಳೂ ಸಾಲಾಗಿ ಚಂದವಾಗಿ. ಎಲ್ಲಿಂದ ನೋಡಿ ಬರೆದೆ ಅಂತ ಕೇಳಿದೆ. ನಗುವ ಇಮೋಜಿ ಬಂತು.

ಎರಡೂ ಪುಸ್ತಕ ಕಳಿಸಿಕೊಟ್ಟೆ. ‘ಕರ್ವಾಲೊ’ ಎರಡು ರಾತ್ರಿಯಲ್ಲಿ ಮುಗೀತಂತೆ. ‘ಹಸುರು ಹೊನ್ನು’ ನಲವತ್ತನೇ ಪುಟದಲ್ಲಿದೆ, ಫೋನ್ ಮಾಡಿ ಮೇಷ್ಟ್ರ ಜೋಕುಗಳ ಮೇಲೆ ಹರಿಹಾಯ್ದಳು. ಜೋಕು ಬಿಟ್ಟು ಗಿಡ ಮಾತ್ರ ಓದಿಕೊಂಡು ಹೋಗೇ ಅಂದೆ.

“ಬೇರೆ ಬೇರೆ ಮಾಡೋಕಾಗಲ್ಲ ಚಿಕ್ಕಮ್ಮ, ಟ್ರೈ ಮಾಡಿದೆ” ಅಂದಳು.