ಕೈಚಳಕ ಬೇಡ, ಬಾಯಿಗೆ ಹಿಡಿತ ಬೇಕು

ಒಂದು ಇಸ್ಪೀಟ್ ಕಟ್ಟು ತಗೊಳ್ಳಿ. ಮೇಲಿನಿಂದ ಹತ್ತನೇ ಎಲೆ ಯಾವುದು ಅಂತ ಯಾರಿಗೂ ಗೊತ್ತಾಗದ ಹಾಗೆ ನೋಡಿಟ್ಟುಕೊಳ್ಳಿ. ಆಟೀನ್ ರಾಣಿ ಅಂತಿಟ್ಟುಕೊಳ್ಳೋಣ. ಒಂದು ಚೀಟಿಯಲ್ಲಿ ಅದನ್ನೇ ಬರೆದು, ಮಡಚಿ, ಎದುರಿಗಿರುವವರ ಕೈಗೆ ಕೊಡಿ. ಈಗ 10ರಿಂದ 19ರ ಒಳಗೆ ಒಂದು ಸಂಖ್ಯೆ ಹೇಳಿ ಅನ್ನಿ. ಅವರು 13 ಅಂದ್ರು. ಕಟ್ಟನ್ನೂ ಅವರಿಗೇ ಕೊಟ್ಟುಬಿಡಿ. ಎಲೆಗಳನ್ನು ಬೋರಲಾಗಿ, ಒಂದರ ಮೇಲೊಂದರಂತೆ 13ರವರೆಗೆ ಎಣಿಸಿ ಹಾಕಲಿ. 1 ಮತ್ತು 3 ಕೂಡಿದರೆ 4. ಹಾಕಿದ ಗುಡ್ಡೆಯಲ್ಲಿ ಮೇಲಿನಿಂದ ನಾಲ್ಕನೆಯದನ್ನು ತಿರುಗಿಸಲಿ. ಆಟೀನ್ ರಾಣಿ! ಆಮೇಲೆ ಚೀಟಿ ಬಿಡಿಸಲಿ.

ಜಾದೂಗಾರರು ಇಂಥವನ್ನು ಸೆಲ್ಫ್ ವರ್ಕಿಂಗ್ ಅಂತಾರೆ. ಅಂದರೆ ತನ್ನಷ್ಟಕ್ಕೆ ತಾನೇ ನಡೆಯುವ ಆಟ. ಕಾರ್ಲ್ ಫಲ್ವ್ಸ್ 1976ರಲ್ಲಿ ಇಂಥ 72 ಆಟಗಳನ್ನು ಸೇರಿಸಿ ಒಂದು ಪುಸ್ತಕ ತಂದ. ಯಾರು ಮಾಡಿದರೂ ತಪ್ಪುವುದಿಲ್ಲ ಅನ್ನುವ ಭರವಸೆ ಅದರ ಮುಖಪುಟದಲ್ಲೇ ಇದೆ. ಆ ಭರವಸೆಯ ಬಗ್ಗೆಯೇ ನನ್ನ ತಕರಾರು.

ಮೊದಲು ಲೆಕ್ಕ ನೋಡೋಣ. 10ರಿಂದ 19ರವರೆಗಿನ ಯಾವ ಸಂಖ್ಯೆಯಿಂದಲಾದರೂ ಅದರ ಎರಡು ಅಂಕಿಗಳ ಮೊತ್ತ ಕಳೆಯಿರಿ, 9 ಉಳಿಯುತ್ತೆ. ಎಲೆ ಎಣಿಸಿ ಹಾಕುವಾಗ ಕ್ರಮ ತಿರುಗುಮುರುಗಾಗುವುದರಿಂದ ಕೊನೆಗೆ ಕೈಗೆ ಸಿಗುವುದು ಮೊದಲು ಹತ್ತನೆಯದಾಗಿದ್ದ ಎಲೆಯೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹತ್ತು ಇನ್‌ಪುಟ್, ಒಂದೇ ಔಟ್‌ಪುಟ್. ಇದರ ಸೊಗಸು ಏನಂದ್ರೆ ಆಯ್ಕೆ ಸುಳ್ಳಲ್ಲ. ಎದುರಿನವರು ನಿಜವಾಗಿಯೂ ತಮಗಿಷ್ಟ ಬಂದ ಸಂಖ್ಯೆಯನ್ನೇ ಆರಿಸಿರುತ್ತಾರೆ. ಆ ಆಯ್ಕೆಯಿಂದ ಏನೂ ಬದಲಾಗೋದಿಲ್ಲ, ಅಷ್ಟೇ.

ಆದರೆ ಆಟವಾಗಿ ನೋಡಿದರೆ ಇದರ ನಡುವೆಯೇ ಒಂದು ದೊಡ್ಡ ತೂತಿದೆ. ಅಂಕಿಗಳನ್ನು ಯಾಕೆ ಕೂಡಬೇಕು? 13 ಅಂದವರಿಗೆ ಹದಿಮೂರನೇ ಎಲೆ ಕೊಟ್ಟರೆ ಮುಗೀತಲ್ಲ! ಸ್ವಲ್ಪ ಯೋಚಿಸುವ ಯಾರಿಗಾದರೂ ಈ ಜಾಗದಲ್ಲಿ ಅನುಮಾನ ಬರುತ್ತೆ. ಆಡಿಸುವವನು ಇಲ್ಲೊಂದು ಕಾರಣ ಕೊಡಲೇಬೇಕು, ಅಂದ್ರೆ ಕಥೆ ಕಟ್ಟಬೇಕು. ಎಲೆ ತಾನಾಗಿಯೇ ಬರುತ್ತೆ, ಕಥೆ ಬರಲ್ಲ.

ನಮ್ಮ ಕಡೆ ಆ ಕಥೆ ರೆಡಿಮೇಡ್ ಸಿಗುತ್ತೆ: ಸಂಖ್ಯಾಶಾಸ್ತ್ರ. ಹುಟ್ಟಿದ ತಾರೀಖಿನ ಅಂಕಿಗಳನ್ನು ಕೂಡಿಸಿ ಕೂಡಿಸಿ ರೂಢಿಯಾದ ಜನಕ್ಕೆ 1 ಕೂಡಿಸು 3 ಅಂದ್ರೆ ಏನೂ ವಿಚಿತ್ರ ಅನಿಸಲ್ಲ. ಬೆಂಗಳೂರಿನ ಒಂದು ರಿಸೆಪ್ಶನ್‌ನಲ್ಲಿ ಮೇಜಿಂದ ಮೇಜಿಗೆ ಹೋಗಿ ಆಡಿಸುತ್ತಿದ್ದ ಜಾದೂಗಾರನೊಬ್ಬ ಇದನ್ನೇ ಹಿಡಿದಿದ್ದ. “ನಿಮ್ಮ ಸಂಖ್ಯೆ ನಿಮ್ಮನ್ನ ಕರೀತಿದೆ” ಅಂತ ಮಾತು. ಸಂಖ್ಯೆ 16, ಕೂಡಿದರೆ 7, ಎಲೆ ಸರಿಯಾಗಿ ಬಂತು, ಚಪ್ಪಾಳೆ. ಅವನು ಮುಂದಿನ ಮೇಜಿಗೆ ಹೊರಟಾಗ ವಯಸ್ಸಾದ ಹೆಂಗಸೊಬ್ಬರು ಮೆಲ್ಲಗೆ ತಡೆದು, “ಸರ್, ನಮ್ಮ ಹುಡುಗಿಗೆ ಸಂಬಂಧ ಕೂಡಿ ಬರ್ತಿಲ್ಲ. ಹೆಸರಿಗೆ ಒಂದು ಅಕ್ಷರ ಸೇರಿಸಬೇಕಾ, ನೋಡಿ ಹೇಳ್ತೀರಾ?” ಅಂದ್ರು. ಅವನು ನಗುತ್ತಲೇ, “ಇನ್ನೊಂದು ‘ಎ’ ಸೇರಿಸಿ ನೋಡಿ ಅಮ್ಮಾ” ಅಂದ.

ನನ್ನ ಪ್ರಕಾರ ಆಟ ಕೆಟ್ಟಿದ್ದು ಅಲ್ಲೇ. ಎಲೆ ತಪ್ಪಿರಲಿಲ್ಲ, ಆದರೆ ಆಟ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿ ಮುಗಿಯಲಿಲ್ಲ. ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ಕೂರುವವರು ಭವಿಷ್ಯ ಕೇಳೋಕೆ ಅಂತಲೇ ಕೂತಿರ್ತಾರೆ. ಈಯಮ್ಮ ಕೂತಿದ್ದು ಊಟಕ್ಕೆ.

ಆ ಕಥೆ ಕುಶಲತೆಯ ದೃಷ್ಟಿಯಿಂದಲೂ ಕೆಟ್ಟದ್ದು. ಯಾರಾದ್ರೂ 19 ಅಂದ್ರೆ? 1 ಮತ್ತು 9 ಸೇರಿ 10. ಸಂಖ್ಯಾಶಾಸ್ತ್ರ ಬಲ್ಲವರು ಅಲ್ಲಿಗೆ ನಿಲ್ಲಿಸಲ್ಲ, ಮತ್ತೆ ಕೂಡಿ 1 ಮಾಡ್ತಾರೆ. ಆಗ ತಿರುಗುವುದು ಗುಡ್ಡೆಯ ಮೊದಲ ಎಲೆ, ರಾಣಿ ಅಲ್ಲ. ಎಂದೂ ತಪ್ಪದ ಆಟಕ್ಕೂ ಹೀಗೆ ಕಥೆಯೇ ಬಗ್ ತಂದಿಡಬಹುದು.

ಇದರ ಪಕ್ಕದಲ್ಲಿ ಅಮೆರಿಕದ ಪಾಲ್ ಕರಿ 1942ರಲ್ಲಿ ಹೊರತಂದ ‘ಔಟ್ ಆಫ್ ದಿಸ್ ವರ್ಲ್ಡ್’ ಇಟ್ಟು ನೋಡಿ. ಅದಕ್ಕೂ ಕೈಚಳಕ ಹೆಚ್ಚೇನೂ ಬೇಡ. ನೋಡುಗರು ಬೋರಲಾದ ಎಲೆಗಳನ್ನು ಕೆಂಪು ಅಥವಾ ಕಪ್ಪು ಅಂತ ಊಹಿಸುತ್ತಾ ಬೇರೆ ಮಾಡುತ್ತಾರೆ. ಕೊನೆಗೆ ತಿರುಗಿಸಿದರೆ ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಒಂದು ಕಡೆ! ಗುಟ್ಟು ಇಲ್ಲಿ ಬೇಡ. ನಾನು ಹೇಳೋದು ಚಪ್ಪಾಳೆ ಯಾರಿಗೆ ಬೀಳುತ್ತೆ ಅನ್ನೋದರ ಬಗ್ಗೆ. ನಮ್ಮ ಚೀಟಿ ಆಟದಲ್ಲಿ “ನೋಡಿ, ನನಗೆ ಮೊದಲೇ ಗೊತ್ತಿತ್ತು” ಅಂತ ಆಡಿಸುವವನು ದೊಡ್ಡವನಾಗುತ್ತಾನೆ. ಕರಿಯ ಆಟದಲ್ಲಿ ನೋಡುಗರೇ ಹೀರೋ, ಆಡಿಸುವವನು ಪಕ್ಕದಲ್ಲಿ ನಿಂತು ಬೆರಗಾದರೆ ಸಾಕು. ಸೆಲ್ಫ್ ವರ್ಕಿಂಗ್ ಆಟಕ್ಕೆ ಒಪ್ಪುವ ವಿನಯ ಅದು. ಕೆಲಸವೆಲ್ಲ ಲೆಕ್ಕದ್ದೇ ಆಗಿರುವಾಗ ನಮ್ಮದೇನು ಠೀವಿ?

ಹಾಗಂತ ಚೀಟಿ ಆಟವನ್ನು ಬಿಟ್ಟುಬಿಡಬೇಕಿಲ್ಲ. ನಾನು ಆಡಿಸುವಾಗ “ಹೈಸ್ಕೂಲು, ಪಿಯುಸಿ ದಿನಗಳ ಒಂದು ವಯಸ್ಸು ನೆನಪಿಸಿಕೊಳ್ಳಿ, ಮರೆಯೋಕಾಗದ್ದು” ಅಂತೀನಿ. ಸಂಖ್ಯೆಯ ಮಿತಿ ತಾನಾಗಿಯೇ ಬಂತು. ಮೊದಲ ಪ್ರೀತಿಯೋ, ಫೇಲಾದ ಗಣಿತವೋ, ಅವರೇ ಮಾತು ಶುರು ಮಾಡ್ತಾರೆ. ಅಂಕಿ ಕೂಡುವುದನ್ನು ಸಣ್ಣ ತರಲೆಯ ಹಾಗೆ ದಾಟಿಸಿಬಿಡಬಹುದು. “ನೀವು ಸ್ವತಂತ್ರವಾಗಿ ಆರಿಸಿದಿರಿ ತಾನೇ?” ಅಂತ ಮಾತ್ರ ಕೇಳಬೇಡಿ. ಕೇಳಿದರೆ ಇಲ್ಲವೇನೋ ಅನ್ನೋ ಅನುಮಾನ ನಾವೇ ಹುಟ್ಟಿಸಿದಂತೆ. ಒಂದೇ ಸಭೆಯಲ್ಲಿ ಎರಡು ಸಲ ಮಾಡಲೂಬೇಡಿ.

ಜಾದೂಗಾರರು ಗುಟ್ಟು ಬಿಡಬಾರದು ಅಂತಾರೆ. ಈ ಒಂದು ಆಟದ ಮಟ್ಟಿಗೆ ನಾನು ಒಪ್ಪಲ್ಲ. ಊರಲ್ಲಿ ಅಣ್ಣನ ಮಗಳಿಗೆ, ಏಳನೇ ಕ್ಲಾಸು, 9ರ ಲೆಕ್ಕ ಬಿಡಿಸಿ ಹೇಳಿದೆ. ರಾಣಿ ಬಂದಾಗ ಕಣ್ಣರಳಿಸಿದ್ದಕ್ಕಿಂತ ಹೆಚ್ಚು ಈಗ ಅರಳಿಸಿದಳು. ಆಮೇಲೆ, “ಚಿಕ್ಕಪ್ಪಾ, 20 ಅಂದ್ರೆ?” ಅಂತ ಕೇಳಿ, ನನ್ನ ಉತ್ತರಕ್ಕೂ ಕಾಯದೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕಳೆಯುತ್ತಾ ಕೂತಳು. 20ರಿಂದ 29ರವರೆಗೆ ಯಾವುದಾದರೂ 18 ಉಳಿಯುತ್ತೆ, ಹಾಗಾದ್ರೆ ಹತ್ತೊಂಬತ್ತನೇ ಎಲೆ ನೋಡಿಟ್ಟುಕೊಂಡರೆ ಆಯ್ತು ಅಂತ ಅವಳೇ ಕಂಡುಕೊಂಡಳು.